ಆಗಸ್ಟಿನಲ್ಲಿ ಖಾಲಿಯಾಗುವ ರೋಮ್

ಆಗಸ್ಟ್ ತಿಂಗಳ ಎರಡನೇ ವಾರ ಬಂತೆಂದರೆ ರೋಮ್ ನಗರದ ಅಂಗಡಿಗಳ ಶಟರ್ ಮೇಲೆ ಒಂದು ಚೀಟಿ ಕಾಣಿಸಿಕೊಳ್ಳುತ್ತದೆ. ಕೆಲವು ಅಚ್ಚು ಹಾಕಿಸಿದ್ದು, ಕೆಲವು ಕೈಬರಹದ್ದು. ‘ಕ್ಯೂಸೊ ಪೆರ್ ಫೆರಿಯೆ’, ಅಂದರೆ ರಜೆಗಾಗಿ ಮುಚ್ಚಿದೆ. ಕ್ಷೌರದಂಗಡಿ, ಚಪ್ಪಲಿ ಹೊಲಿಯುವವನ ಗೂಡು, ಬೀಗ ರಿಪೇರಿಯ ಅಂಗಡಿ, ಗಲ್ಲಿಯ ಕಾಫಿ ಬಾರು, ವಕೀಲರ ಕಚೇರಿ ಎಲ್ಲಕ್ಕೂ ಅದೇ ಚೀಟಿ. ಕೆಲವರು ಮತ್ತೆ ತೆರೆಯುವ ದಿನಾಂಕ ಬರೆಯುತ್ತಾರೆ, ಕೆಲವರು ಅದನ್ನೂ ಬರೆಯುವುದಿಲ್ಲ. ಸುಮಾರು 28 ಲಕ್ಷ ಜನರ ಆ ರಾಜಧಾನಿಯ ವಸತಿ ಬಡಾವಣೆಗಳಲ್ಲಿ 15ನೇ ತಾರೀಖಿನ ಹೊತ್ತಿಗೆ ಕಿಟಕಿಗಳು ಮುಚ್ಚಿಕೊಂಡು, ಕಾರು ನಿಲ್ಲಿಸಲು ಜಾಗ ಹುಡುಕದೆಯೇ ಸಿಗುವಂತಾಗುತ್ತದೆ. ಆ ದಿನದ ಹೆಸರು ಫೆರ್ರಗೋಸ್ತೊ.

ಕಾರ್ಮಿಕರ ರಜೆಯ ಕಾನೂನುಗಳ ಚರಿತ್ರೆ ನನ್ನ ಪಿಎಚ್.ಡಿ. ವಿಷಯ. ‘ರಜೆಯ ಮೇಲೆ ಏನಪ್ಪಾ ಸಂಶೋಧನೆ, ರಜೆ ಹಾಕಿಕೊಂಡು ಓದುತ್ತೀಯಾ?’ ಎಂದು ಹಾಸ್ಟೆಲಿನ ಗೆಳೆಯರು ಕಾಲೆಳೆಯುವುದುಂಟು. ಆದರೆ ಒಂದು ಸಮಾಜದಲ್ಲಿ ಯಾರು ಯಾವಾಗ ಕೆಲಸ ನಿಲ್ಲಿಸಬಹುದು, ಯಾರು ನಿಲ್ಲಿಸುವಂತಿಲ್ಲ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಆ ಸಮಾಜದ ಒಳಗಟ್ಟು ಬೇಗ ಕಣ್ಣಿಗೆ ಬೀಳುತ್ತದೆ. ಫೆರ್ರಗೋಸ್ತೊ ನನ್ನನ್ನು ಹಿಡಿದಿಟ್ಟದ್ದು ಈ ಕಾರಣಕ್ಕೆ. ಎರಡು ಸಾವಿರ ವರ್ಷಗಳಿಂದ ಆ ನಗರ ಬೇಸಿಗೆಯಲ್ಲಿ ಬೇರೆ ಬೇರೆ ಕಾರಣಗಳಿಗೆ ಖಾಲಿಯಾಗುತ್ತಲೇ ಬಂದಿದೆ. ಪ್ರತಿ ಸಲವೂ ಹೊರಟುಹೋದವರು ಯಾರು, ಉಳಿದವರು ಯಾರು ಎಂಬುದಕ್ಕೆ ದಾಖಲೆಗಳಿವೆ.

ಹೆಸರಿನಿಂದಲೇ ಶುರು ಮಾಡೋಣ. ‘ಫೆರಿಯೆ ಅವ್ಗುಸ್ತಿ’ ಎಂಬ ಲ್ಯಾಟಿನ್ ಮಾತು ಸವೆದು ಫೆರ್ರಗೋಸ್ತೊ ಆಗಿದೆ. ಆಗಸ್ಟಸನ ರಜೆ ಎಂದರ್ಥ. ಕ್ರಿ.ಪೂ. 18ರಲ್ಲಿ ಸಾಮ್ರಾಟ ಆಗಸ್ಟಸ್ ಈ ಹಬ್ಬವನ್ನು ಆರಂಭಿಸಿದ ಎಂದು ಇಟಲಿಯ ಪತ್ರಿಕೆಗಳು ವರ್ಷವರ್ಷವೂ ಬರೆಯುತ್ತವೆ. ಕಲ್ಲಿನ ಮೇಲೆ ಕೊರೆದ ಪ್ರಾಚೀನ ರೋಮನ್ ಪಂಚಾಂಗಗಳು ಹೇಳುವ ಕಥೆ ಇನ್ನಷ್ಟು ಸ್ಪಷ್ಟವಾಗಿದೆ. ಕ್ರಿ.ಪೂ. 30ರ ಆಗಸ್ಟ್ 1ರಂದು ಅಲೆಕ್ಸಾಂಡ್ರಿಯ ಅವನ ವಶವಾಯಿತು. ಅಂದು ಅವನು ದೇಶವನ್ನು ಘೋರ ಅಪಾಯದಿಂದ ಪಾರುಮಾಡಿದ್ದರಿಂದ ಸೆನೆಟಿನ ತೀರ್ಮಾನದಂತೆ ಅದು ರಜಾದಿನ ಎಂದು ಆ ಕಲ್ಲುಗಳು ಸಾರುತ್ತವೆ. ಅಂತರ್ಯುದ್ಧದ ಗೆಲುವೊಂದು ಹೀಗೆ ಪಂಚಾಂಗದ ಹಬ್ಬವಾಯಿತು. ಕ್ರಿ.ಪೂ. 8ರಲ್ಲಿ ‘ಸೆಕ್ಸ್ತಿಲಿಸ್’ ಎಂದಿದ್ದ ಆ ತಿಂಗಳಿಗೇ ಅವನ ಹೆಸರಿಟ್ಟರು. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲೂ ಆ ಹೆಸರು ಇನ್ನೂ ಕೂತಿದೆ.

ಆ ತಿಂಗಳು ಅದಕ್ಕೆ ಮೊದಲೇ ಹಬ್ಬಗಳಿಂದ ತುಂಬಿತ್ತು. 13ಕ್ಕೆ ಅವೆಂಟೈನ್ ಗುಡ್ಡದ ಮೇಲೆ ಡಯಾನಾ ದೇವಿಯ ಉತ್ಸವ. ಅದು ಗುಲಾಮರ ಹಬ್ಬವೂ ಆಗಿತ್ತು. 21ಕ್ಕೆ ಕೊನ್ಸುವಾಲಿಯಾ, ಅಂದು ಕುದುರೆ, ಹೇಸರಗತ್ತೆಗಳಿಗೆ ಕೆಲಸವಿಲ್ಲ, ಕೊರಳಿಗೆ ಹೂಮಾಲೆ. ಕಾರಹುಣ್ಣಿಮೆಯಂದು ಎತ್ತುಗಳ ಕೋಡಿಗೆ ಬಣ್ಣ ಹಚ್ಚುವುದನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸುಗ್ಗಿ ಮುಗಿದಿದೆ, ದ್ರಾಕ್ಷಿ ಕೊಯ್ಲು ಇನ್ನೂ ಬಂದಿಲ್ಲ, ನಡುವೆ ಬಿಸಿಲು ಕುದಿಯುತ್ತಿದೆ. ದುಡಿಯುವ ದೇಹಕ್ಕೆ, ಅದು ಮನುಷ್ಯನದಾಗಲಿ ದನದ್ದಾಗಲಿ, ಬಿಡುವು ಬೇಕಾದ ಕಾಲ ಅದು.

ಬಿಡುವನ್ನು ಕೊಡುವವರು ಇದ್ದ ಕಾಲದಲ್ಲೇ ಅದನ್ನು ಕಸಿಯುವ ಜಾಣರೂ ಇದ್ದರು. ಕ್ರಿ.ಪೂ. 2ನೇ ಶತಮಾನದ ಕೇಟೊ ಬರೆದ ಕೃಷಿ ಗ್ರಂಥವನ್ನು ಅನುವಾದದಲ್ಲಿ ಓದುವಾಗ ಒಂದು ಭಾಗ ನನ್ನನ್ನು ತಡೆದು ನಿಲ್ಲಿಸಿತು. ತೋಟದ ಮಾಲೀಕ ಮೇಸ್ತ್ರಿಯನ್ನು ವಿಚಾರಿಸಿಕೊಳ್ಳುವ ಸಂದರ್ಭ ಅದು. ಹಬ್ಬವಿತ್ತು, ಕೆಲಸ ಆಗಲಿಲ್ಲ ಎನ್ನುತ್ತಾನೆ ಮೇಸ್ತ್ರಿ. ಹಬ್ಬದ ದಿನ ಹೊಸ ಕಾಲುವೆ ತೋಡುವಂತಿಲ್ಲ ನಿಜ, ಹಳೆಯ ಕಾಲುವೆಯ ಹೂಳೆತ್ತಬಹುದಿತ್ತಲ್ಲ, ದಾರಿ ಸರಿಪಡಿಸಬಹುದಿತ್ತಲ್ಲ, ಮುಳ್ಳು ಸವರಬಹುದಿತ್ತಲ್ಲ ಎಂದು ಮಾಲೀಕ ಪಟ್ಟಿ ಒಪ್ಪಿಸಬೇಕಂತೆ. ಕುದುರೆ, ಹೇಸರಗತ್ತೆ, ಕತ್ತೆಗಳಿಗೆ ಮನೆಯ ಹಬ್ಬಗಳಲ್ಲದೆ ಬೇರೆ ರಜೆಯೇ ಇಲ್ಲ ಎಂದೂ ಅವನು ಇನ್ನೊಂದೆಡೆ ಬರೆಯುತ್ತಾನೆ. ಇಂದಿನ ಕಾರ್ಖಾನೆಯ ರಜಾ ನಿಯಮಗಳಲ್ಲಿ ‘ಅಗತ್ಯ ಕೆಲಸ’ ಎಂಬ ಪದದ ಸುತ್ತ ನಡೆಯುವ ಜಗಳವೆಲ್ಲ ಇಲ್ಲಿಯೇ ಇದೆ.

ಈಗ ನಗರಕ್ಕೆ ಬರೋಣ. ಪ್ರಾಚೀನ ರೋಮ್ ಆಗಸ್ಟಿನಲ್ಲಿ ಖಾಲಿಯಾಗುತ್ತಿದ್ದದ್ದು ಹಬ್ಬಕ್ಕಲ್ಲ, ಜ್ವರಕ್ಕೆ. ಕವಿ ಹೊರೇಸ್ ತನ್ನ ಆಶ್ರಯದಾತ ಮೈಸೀನಾಸನಿಗೆ ಬರೆದ ಒಂದು ಪದ್ಯಪತ್ರವಿದೆ. ಐದು ದಿನ ಹಳ್ಳಿಯಲ್ಲಿದ್ದು ಬರುತ್ತೇನೆಂದು ಮಾತು ಕೊಟ್ಟು ಹೋದವನು ಇಡೀ ಆಗಸ್ಟ್ ಕಳೆದರೂ ಮರಳಿಲ್ಲ. ಅದಕ್ಕೆ ಸಮಜಾಯಿಷಿ ಕೊಡುತ್ತಾ, ಅಂಜೂರ ಹಣ್ಣಾಗುವ ಈ ಕಾಲದಲ್ಲಿ ನಗರದಲ್ಲಿ ಶವಸಂಸ್ಕಾರದವರಿಗೆ ಪುರುಸೊತ್ತಿಲ್ಲ, ತಾಯ್ತಂದೆಯರು ಮಕ್ಕಳಿಗಾಗಿ ಹೆದರಿ ಬಿಳಿಚಿಕೊಂಡಿದ್ದಾರೆ ಎಂಬ ಚಿತ್ರ ಕೊಡುತ್ತಾನೆ. ತಿಳಿಹಾಸ್ಯದ ಪತ್ರವದು, ಆದರೆ ಅದರ ಕೆಳಗೆ ಭಯವಿದೆ. ರೋಮ್ ಸುತ್ತಲಿನ ಬಯಲು, ಅದರ ದಕ್ಷಿಣದ ಪೊಂಟೈನ್ ಜೌಗು ಮಲೇರಿಯಾದ ತವರು. ‘ಮಲೇರಿಯಾ’ ಎಂಬ ಪದವೇ ಇಟಲಿಯದು. ಕೆಟ್ಟ ಗಾಳಿ ಎಂದು ಅದರ ಅರ್ಥ.

ಕೆಟ್ಟ ಗಾಳಿಗೆ ಪೋಪ್‌ಗಳೂ ಹೊರತಾಗಿರಲಿಲ್ಲ. ವ್ಯಾಟಿಕನ್ ಇರುವುದು ನದಿಯ ಪಕ್ಕದ ತಗ್ಗಿನಲ್ಲಿ. ಹಾಗಾಗಿ 16ನೇ ಶತಮಾನದ ಕೊನೆಗೆ ಅವರು ಬೇಸಿಗೆಯನ್ನು ಎತ್ತರದ ಕ್ವಿರಿನಾಲೆ ಗುಡ್ಡದ ಅರಮನೆಯಲ್ಲಿ ಕಳೆಯತೊಡಗಿದರು. ಐದನೇ ಸಿಕ್ಸ್ತಸ್ 1590ರ ಆಗಸ್ಟ್ 27ರಂದು ಆ ಅರಮನೆಯಲ್ಲಿಯೇ ಜ್ವರದಿಂದ ತೀರಿಕೊಂಡ. ಅವನ ನಂತರ ಆಯ್ಕೆಯಾದ ಏಳನೇ ಅರ್ಬನ್ ಎರಡು ವಾರವೂ ಬದುಕಲಿಲ್ಲ. 1623ರ ಜುಲೈ-ಆಗಸ್ಟಿನಲ್ಲಿ ಹೊಸ ಪೋಪನ ಆಯ್ಕೆಗೆ ಕೂಡಿಹಾಕಿಕೊಂಡ ಕಾರ್ಡಿನಲ್‌ಗಳಲ್ಲಿ ಎಷ್ಟೋ ಜನ ಜ್ವರಕ್ಕೆ ಬಿದ್ದರು. ಆ ಸಭೆಯಿಂದ ಪೋಪ್ ಆಗಿ ಹೊರಬಂದ ಎಂಟನೇ ಅರ್ಬನ್ ಮುಂದೆ ಬೇಸಿಗೆಗೆ ಕಸ್ತೆಲ್ ಗಂದೊಲ್ಫೊ ಎಂಬ ಬೆಟ್ಟದೂರನ್ನು ಹಿಡಿದ. ಶ್ರೀಮಂತ ಮನೆತನಗಳು ಫ್ರಸ್ಕಾತಿಗೊ ತಿವೊಲಿಗೊ ಹೋಗುತ್ತಿದ್ದವು. ಮೇಲಿನವರು ಮೇಲಕ್ಕೆ ಹೋಗುತ್ತಿದ್ದ ಅದೇ ಹೊತ್ತಿನಲ್ಲಿ ಅಬ್ರುತ್ಸೊ ಪರ್ವತದ ಬಡ ಕೂಲಿಗಳು ಕೆಳಕ್ಕೆ ಇಳಿಯುತ್ತಿದ್ದರು. ರೋಮಿನ ಬಯಲಿನ ಗೋಧಿ ಕೊಯ್ಯಲು ಗುಂಪುಗುಂಪಾಗಿ ಬಂದು, ಹೊಲದಲ್ಲೇ ಮಲಗಿ, ಜ್ವರ ಹತ್ತಿಸಿಕೊಂಡು ಸಾಂತೊ ಸ್ಪಿರಿತೊ ಆಸ್ಪತ್ರೆಯ ಹಾಸಿಗೆಗಳನ್ನು ತುಂಬುತ್ತಿದ್ದವರು ಅವರು. ಈ ಎರಡು ಎದುರುಬದುರು ಪ್ರಯಾಣಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಮತ್ತೆ ಬರುತ್ತವೆ.

ಇನ್ನು ಆಗಸ್ಟ್ 15. ಮೇರಿ ಮಾತೆಯ ಸ್ವರ್ಗಾರೋಹಣದ ಹಬ್ಬ ಆ ದಿನಕ್ಕೆ ನಿಂತದ್ದು ಪೂರ್ವದ ಬೈಜಾಂಟಿಯಮ್‌ನಲ್ಲಿ, 6ನೇ ಶತಮಾನದ ಕೊನೆಯ ಸುಮಾರಿಗೆ. ರೋಮಿನಲ್ಲಿ ಅದಕ್ಕೆ ಮೆರವಣಿಗೆಯ ವೈಭವ ಕೊಟ್ಟವನು ಸಿರಿಯಾ ಮೂಲದ ಪೋಪ್ ಒಂದನೇ ಸೆರ್ಜಿಯಸ್ (687–701). ಮಧ್ಯಯುಗದಲ್ಲಿ 14ರ ರಾತ್ರಿ ಲ್ಯಾಟೆರನ್‌ನಿಂದ ಕ್ರಿಸ್ತನ ಪವಿತ್ರ ಚಿತ್ರಪಟವನ್ನು ಹೊತ್ತು, ಪಂಜುಗಳ ಬೆಳಕಿನಲ್ಲಿ, ಸಾಂತಾ ಮರಿಯಾ ಮಜ್ಜೊರೆಯಲ್ಲಿದ್ದ ತಾಯಿಯ ಬಳಿಗೆ ಒಯ್ಯುತ್ತಿದ್ದರು. ಕಸುಬುದಾರರ ಸಂಘಗಳು ಸಾಲಿನಲ್ಲಿ ಯಾರು ಮುಂದೆ ಎಂದು ಜಗಳವಾಡುತ್ತಿದ್ದವು. 1566ರಲ್ಲಿ ಐದನೇ ಪಯಸ್ ಆ ಮೆರವಣಿಗೆಯನ್ನೇ ನಿಲ್ಲಿಸಿದ.

ಆಗಸ್ಟ್ ನಡುವಿನ ಹಬ್ಬ ಶತಮಾನಗಳ ಕಾಲ ಸಾಮಾನ್ಯ ಜನರನ್ನು ರೋಮಿನ ಬೀದಿಗೆ ತರುತ್ತಿತ್ತು, ಊರು ಬಿಡಿಸುತ್ತಿರಲಿಲ್ಲ. 1652ರಿಂದ ಮುಂದೆ ಎರಡು ಶತಮಾನ ಕಾಲ ಆಗಸ್ಟಿನ ಶನಿವಾರ ಭಾನುವಾರಗಳಲ್ಲಿ ಪಿಯಾತ್ಸಾ ನವೋನಾ ಚೌಕದ ಕಾರಂಜಿಗಳ ಚರಂಡಿ ಕಟ್ಟಿ, ಚೌಕವನ್ನೇ ಕೆರೆ ಮಾಡುತ್ತಿದ್ದರು. ಊರಲ್ಲುಳಿದ ಸಿರಿವಂತರ ಸಾರೋಟುಗಳು ನೀರಿನಲ್ಲಿ ಸುತ್ತು ಹಾಕಿದರೆ, ಬೀದಿಯ ಹುಡುಗರು ಸುತ್ತಲೂ ನೀರೆರಚಿಕೊಂಡು ಆಡುತ್ತಿದ್ದರು. ಆಳುಗಳು ಯಜಮಾನರಿಗೆ ಹಬ್ಬದ ಶುಭಾಶಯ ಹೇಳಿ ಇನಾಮು ಪಡೆಯುವ ರೂಢಿಯೂ ಇತ್ತು. ಫೆರ್ರಗೋಸ್ತೊ ಎಂಬುದು ಆ ಇನಾಮಿನ ಹೆಸರೂ ಹೌದು. ಆಯುಧಪೂಜೆಗೆ ಅಂಗಡಿಯಾತನ ಕೈ ನೋಡುವ ನಮ್ಮ ಹುಡುಗರಿಗೂ ಆ ಹುಡುಗರಿಗೂ ದೂರವೇನಿಲ್ಲ.

ಹಾಗಾದರೆ ಸಾಮಾನ್ಯ ಜನ ರೋಮ್ ಬಿಟ್ಟು ಹೊರಡಲು ಕಲಿತದ್ದು ಯಾವಾಗ? ಇದಕ್ಕೆ ಮೂರು ಸಂಗತಿಗಳು ಕೂಡಿಬರಬೇಕಿತ್ತು: ಸುತ್ತಲಿನ ನೆಲದ ಜ್ವರ ಇಳಿಯಬೇಕು, ಅಗ್ಗದ ವಾಹನ ಬೇಕು, ಕೂಲಿ ಕಡಿತವಾಗದ ಬಿಡುವು ಬೇಕು.

ಜ್ವರದ ಕಥೆಯಲ್ಲಿ ನಮ್ಮ ಊರಿನ ಎಳೆಯೊಂದಿದೆ. 1883ರ ಸುಮಾರಿಗೆ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ಯುವಕ ರೊನಾಲ್ಡ್ ರಾಸ್ ತನ್ನ ಬಂಗಲೆಯ ಸೊಳ್ಳೆ ಕಾಟ ತಾಳಲಾರದೆ ಹುಡುಕಿದಾಗ, ನೀರು ತುಂಬಿಟ್ಟ ಪೀಪಾಯಿಯಲ್ಲಿ ಅವು ಮರಿ ಮಾಡುತ್ತಿದ್ದುದನ್ನು ಕಂಡ. ನೀರು ಚೆಲ್ಲಿದರೆ ಸೊಳ್ಳೆ ಕಡಿಮೆ ಎಂಬ ಪಾಠ ಅವನಿಗೆ ಸಿಕ್ಕಿದ್ದು ಇಲ್ಲಿ. 1897ರ ಆಗಸ್ಟ್ 20ರಂದು ಅವನು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡ. ಮರುವರ್ಷ ರೋಮಿನ ಸಾಂತೊ ಸ್ಪಿರಿತೊ ಆಸ್ಪತ್ರೆಯಲ್ಲಿ, ಅಂದರೆ ಅಬ್ರುತ್ಸೊ ಕೂಲಿಗಳು ಸಾಯುತ್ತಿದ್ದ ಅದೇ ಆಸ್ಪತ್ರೆಯಲ್ಲಿ, ಬತ್ತಿಸ್ತ ಗ್ರಾಸ್ಸಿ ಮತ್ತವನ ಜೊತೆಗಾರರು ಮನುಷ್ಯನಿಗೆ ಮಲೇರಿಯಾ ಹರಡುವುದು ಅನಾಫಿಲಿಸ್ ಸೊಳ್ಳೆ ಎಂದು ಸಾಬೀತು ಮಾಡಿದರು. ರಾಸ್‌ಗೂ ಗ್ರಾಸ್ಸಿಗೂ ಆಮೇಲೆ ನಡೆದ ಜಗಳ ವಿಜ್ಞಾನದ ಚರಿತ್ರೆಯಲ್ಲಿ ಕುಖ್ಯಾತ. 1900ರಲ್ಲಿ ಇಟಲಿ ಸರ್ಕಾರವೇ ಕ್ವಿನೈನ್ ಮಾರಲು ಕಾನೂನು ತಂದಿತು. ಪೊಂಟೈನ್ ಜೌಗನ್ನು ಬಸಿದು ಹೊಲ ಮಾಡಿದ್ದು ಮುಸೊಲಿನಿಯ ಕಾಲದಲ್ಲಿ. 1932ರಲ್ಲಿ ಅಲ್ಲಿ ಲಿತ್ತೋರಿಯಾ ಎಂಬ ಹೊಸ ಊರು ಎದ್ದಿತು. ಇಂದು ಅದರ ಹೆಸರು ಲತೀನಾ.

ವಾಹನದ ಕಥೆಯೂ ಅದೇ ಸರ್ಕಾರದ್ದು. 1931ರ ಬೇಸಿಗೆಯಲ್ಲಿ ಫ್ಯಾಸಿಸ್ಟ್ ಸರ್ಕಾರ ‘ಜನತಾ ರೈಲು’ಗಳನ್ನು ಓಡಿಸಿತು. ಮೂರನೇ ದರ್ಜೆಯ ಡಬ್ಬಿ, ಬಹುದೊಡ್ಡ ರಿಯಾಯಿತಿ. ಒಂದು ದಿನದ ಪ್ರವಾಸಕ್ಕೆ ಹತ್ತಿರದ ಸಮುದ್ರ, ಫೆರ್ರಗೋಸ್ತೊಗೆ ಮೂರು ದಿನದ ದೂರದ ಪ್ರವಾಸ. ಊಟ ಟಿಕೆಟ್ಟಿನಲ್ಲಿ ಸೇರಿರಲಿಲ್ಲ, ಬುತ್ತಿ ಕಟ್ಟಿಕೊಂಡು ಹೋಗಬೇಕು. ಸಮುದ್ರವನ್ನೇ ಕಾಣದಿದ್ದ ಲಕ್ಷಾಂತರ ಬಡವರು ಮೊದಲ ಬಾರಿಗೆ ಅದನ್ನು ಕಂಡದ್ದು ಈ ರೈಲುಗಳಿಂದ. ಕಾರ್ಮಿಕ ಸಂಘಟನೆಗಳನ್ನು ಒಡೆದು, ಮುಷ್ಕರವನ್ನು ಅಪರಾಧ ಮಾಡಿದ್ದ ಸರ್ಕಾರವೇ ಕಾರ್ಮಿಕರನ್ನು ಸಮುದ್ರಕ್ಕೆ ಕರೆದೊಯ್ದದ್ದು ಚರಿತ್ರೆಯ ವಿದ್ಯಾರ್ಥಿಗೆ ಸುಲಭವಾಗಿ ನುಂಗಲಾಗದ ತುತ್ತು. ಹಕ್ಕನ್ನು ಕಿತ್ತುಕೊಂಡು ವಿಹಾರವನ್ನು ಕೊಡುವ ಈ ವ್ಯಾಪಾರ ಆ ಒಂದು ದೇಶಕ್ಕೆ, ಆ ಒಂದು ಕಾಲಕ್ಕೆ ಸೀಮಿತವಾದದ್ದಲ್ಲ. ಯುದ್ಧ ಬಂದು ಆ ರೈಲುಗಳು ನಿಂತವು. 1943ರ ಆಗಸ್ಟ್ 13ರಂದು ರೋಮ್ ಮೇಲೆ ಎರಡನೇ ಬಾರಿ ಬಾಂಬು ಬಿತ್ತು. 14ರಂದು ಅದನ್ನು ಮುಕ್ತ ನಗರ ಎಂದು ಘೋಷಿಸಿದರು. ಆ ವರ್ಷದ ಫೆರ್ರಗೋಸ್ತೊಗೆ ಊರು ಬಿಟ್ಟವರು ಪ್ರವಾಸಿಗರಲ್ಲ.

ಮೂರನೆಯದು ಕೂಲಿ ಸಹಿತದ ಬಿಡುವು. ವರ್ಷಕ್ಕೊಮ್ಮೆ ಸಂಬಳ ಸಹಿತ ರಜೆ ಎಂಬ ಮಾತು 1927ರ ಫ್ಯಾಸಿಸ್ಟ್ ಕಾರ್ಮಿಕ ಸನ್ನದಿನಲ್ಲೂ ಇತ್ತು. 1948ರ ಜನವರಿ 1ರಂದು ಜಾರಿಗೆ ಬಂದ ಗಣರಾಜ್ಯದ ಸಂವಿಧಾನ ಅದನ್ನು ಬೇರೆಯೇ ನೆಲೆಗೆ ಒಯ್ದಿತು. ಅದರ 36ನೇ ವಿಧಿಯ ಪ್ರಕಾರ ದುಡಿಯುವವರಿಗೆ ವಾರದ ಬಿಡುವೂ ವರ್ಷದ ಸಂಬಳ ಸಹಿತ ರಜೆಯೂ ಹಕ್ಕು. ಆ ಹಕ್ಕನ್ನು ಅವರು ಬಿಟ್ಟುಕೊಡುವಂತಿಲ್ಲ. ಈ ಕೊನೆಯ ಮಾತನ್ನು ಗಮನಿಸಿ. ಹಸಿದವನು ರಜೆಯನ್ನು ಹಣಕ್ಕೆ ಮಾರಿಕೊಳ್ಳಬಲ್ಲ, ಹೆದರಿದವನು ‘ನನಗೆ ಬೇಡ ಸ್ವಾಮಿ’ ಎಂದು ಬರೆದುಕೊಡಬಲ್ಲ ಎಂಬುದನ್ನು ತಿಳಿದವರು ಬರೆದ ಮಾತು ಅದು. ಅದೇ 1948ರಲ್ಲಿ ನಮ್ಮ ಕಾರ್ಖಾನೆ ಕಾಯ್ದೆ ಬಂತು. ವರ್ಷದಲ್ಲಿ 240 ದಿನ ದುಡಿದ ವಯಸ್ಕ ಕಾರ್ಮಿಕನಿಗೆ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ ಎಂದಿತು. ನಮ್ಮ ಕಾಯ್ದೆ ರಜೆಯನ್ನು ದುಡಿದ ದಿನಗಳಿಂದ ಭಾಗಿಸಿ ಲೆಕ್ಕ ಹಾಕಿತು, ಅವರ ಸಂವಿಧಾನ ಅದನ್ನು ಮನುಷ್ಯನ ಘನತೆಯ ಪಕ್ಕದಲ್ಲಿಟ್ಟು ಬರೆಯಿತು. ಎರಡೂ ಬೇಕು. ಆದರೆ ಎರಡೂ ಒಂದೇ ಅಲ್ಲ.

ಹಕ್ಕೇನೋ ಸಿಕ್ಕಿತು, ಎಲ್ಲರೂ ಒಟ್ಟಿಗೇ ಯಾಕೆ ಹೊರಡಬೇಕು? ಇದರ ಉತ್ತರ ಉತ್ತರ ಇಟಲಿಯ ಕಾರ್ಖಾನೆಗಳಲ್ಲಿದೆ. ಜೋಡಣೆಯ ಸಾಲಿನಲ್ಲಿ ಹತ್ತು ಜನ ಇವತ್ತು, ಹತ್ತು ಜನ ಮುಂದಿನ ವಾರ ರಜೆ ಹೋದರೆ ಸಾಲು ಓಡುವುದಿಲ್ಲ. ಒಂದೇ ಸಲ ಬೀಗ ಹಾಕಿ, ಯಂತ್ರಗಳ ರಿಪೇರಿಯನ್ನೂ ಆಗಲೇ ಮುಗಿಸಿಕೊಳ್ಳುವುದು ಮಾಲೀಕನಿಗೆ ಅಗ್ಗ. ತುರಿನ್ನಿನ ಫಿಯಟ್ ಮುಚ್ಚಿದರೆ ಅದಕ್ಕೆ ಬಿಡಿಭಾಗ ಕೊಡುವ ನೂರಾರು ಸಣ್ಣ ಕಾರ್ಖಾನೆಗಳಿಗೆ ತೆರೆದಿಟ್ಟುಕೊಂಡು ಮಾಡುವ ಕೆಲಸವಿಲ್ಲ. ಅವು ಮುಚ್ಚಿದರೆ ಲಾರಿಗಳಿಗೆ ಸರಕಿಲ್ಲ. ಹೀಗೆ ಮುಚ್ಚುವಿಕೆ ಕೊಂಡಿಯಿಂದ ಕೊಂಡಿಗೆ ಹರಿಯಿತು. ದಕ್ಷಿಣದ ಹಳ್ಳಿಗಳಿಂದ ಉತ್ತರಕ್ಕೆ ವಲಸೆ ಬಂದಿದ್ದ ಕಾರ್ಮಿಕರಿಗೆ ಊರಿಗೆ ಹೋಗಿ ಬರಲು ಇದ್ದ ಉದ್ದದ ಬಿಡುವು ಅದೊಂದೇ. 1955ರಲ್ಲಿ ಫಿಯಟ್ 600, 1957ರಲ್ಲಿ ಹೊಸ ಫಿಯಟ್ 500 ಬಂದವು. ಮಿಲಾನಿನಿಂದ ನೇಪಲ್ಸ್‌ವರೆಗಿನ ಸುಮಾರು 760 ಕಿ.ಮೀ. ‘ಸೂರ್ಯನ ಹೆದ್ದಾರಿ’ 1956ರಲ್ಲಿ ಶುರುವಾಗಿ 1964ರಲ್ಲಿ ಪೂರ್ಣಗೊಂಡಿತು. ಸಾಮಾನು ಮೇಲೆ ಕಟ್ಟಿದ, ಒಳಗೆ ಐದಾರು ಜನ ತುಂಬಿದ ಪುಟ್ಟ ಕಾರುಗಳು ದಕ್ಷಿಣಕ್ಕೆ ಹರಿದವು.

ರೋಮ್ ಕಾರ್ಖಾನೆಗಳ ನಗರವಲ್ಲ, ಕಚೇರಿಗಳ ನಗರ. ದೇಶವೇ ನಿಂತಾಗ ಕಡತಕ್ಕೆ ಸಹಿ ಹಾಕಿಸಲು ಬರುವವರು ಯಾರು? ಸಂಸತ್ತು ಬಾಗಿಲು ಹಾಕಿತು, ಸಚಿವಾಲಯಗಳಲ್ಲಿ ಕುರ್ಚಿಗಳು ಉಳಿದವು. ನ್ಯಾಯಾಲಯದ ಸಂಗತಿ ಇನ್ನೂ ಸ್ವಾರಸ್ಯದ್ದು. 1969ರ ಕಾನೂನೊಂದು ಆಗಸ್ಟ್ 1ರಿಂದ ಸೆಪ್ಟೆಂಬರ್ 15ರವರೆಗೆ ಮೊಕದ್ದಮೆಗಳ ಕಾಲಮಿತಿಯನ್ನೇ ತಡೆಹಿಡಿಯಿತು. ಆ ದಿನಗಳು ಲೆಕ್ಕಕ್ಕಿಲ್ಲ. 2015ರಿಂದ ಅದನ್ನು ಆಗಸ್ಟ್ ತಿಂಗಳಿಗೆ ಇಳಿಸಿದರು, ಆದರೂ ಕಾನೂನಿನ ಗಡಿಯಾರ ಆ 31 ದಿನ ನಿಂತೇ ಇರುತ್ತದೆ. ರಾಜಕೀಯಕ್ಕೂ ಇದರ ಬಣ್ಣ ಹತ್ತಿತು. 1963ರ ಜೂನಿನಲ್ಲಿ ಜೊವಾನ್ನಿ ಲಿಯೋನೆ ನೇತೃತ್ವದಲ್ಲಿ ಬಂದ, ಬೇಸಿಗೆ ದಾಟಿಸುವುದಷ್ಟೇ ಕೆಲಸವಾಗಿದ್ದ ಸರ್ಕಾರಕ್ಕೆ ‘ಸಮುದ್ರಸ್ನಾನದ ಸರ್ಕಾರ’ ಎಂಬ ಅಡ್ಡಹೆಸರು ಬಿತ್ತು. ಡಿಸೆಂಬರ್ ಬರುವಷ್ಟರಲ್ಲಿ ಅದು ಹೋಗಿತ್ತು.

ಆ ಖಾಲಿ ನಗರವನ್ನು ನೋಡಬೇಕೆಂದರೆ ದೀನೊ ರೀಸಿಯ ‘ಇಲ್ ಸೊರ್ಪಾಸ್ಸೊ’ (1962) ಸಿನಿಮಾ ನೋಡಬೇಕು. ಫೆರ್ರಗೋಸ್ತೊ ದಿನ, ನೆತ್ತಿ ಸುಡುವ ಬಿಸಿಲು. ವಿತ್ತೋರಿಯೊ ಗಾಸ್ಮನ್ ಪಾತ್ರ ಲಾನ್ಚಿಯಾ ಕಾರಿನಲ್ಲಿ ಒಂದು ಪ್ಯಾಕು ಸಿಗರೇಟು, ಒಂದು ಟೆಲಿಫೋನು ಹುಡುಕುತ್ತಾ ರೋಮಿನ ಬೀದಿಗಳಲ್ಲಿ ಅಲೆಯುತ್ತದೆ. ಎಲ್ಲ ಶಟರ್‌ಗಳೂ ಕೆಳಗೆ. ಕೊನೆಗೆ ಒಂದು ಕಿಟಕಿಯಲ್ಲಿ ಪರೀಕ್ಷೆಗೆ ಓದುತ್ತಿರುವ ಕಾನೂನು ವಿದ್ಯಾರ್ಥಿಯೊಬ್ಬ ಕಾಣಿಸುತ್ತಾನೆ. ಹಬ್ಬಕ್ಕೆ ಊರಿಗೆ ಹೋಗದೆ ಹಾಸ್ಟೆಲಿನಲ್ಲಿ ಪುಸ್ತಕ ಹಿಡಿದು ಕೂತವರಿಗೆ ಆ ಹುಡುಗ ಯಾರೆಂದು ಗೊತ್ತು. ಅವನನ್ನು ಕಾರಿಗೆ ಹತ್ತಿಸಿಕೊಂಡು ಹೊರಟ ಆ ವಿಹಾರ ಅಪಘಾತದಲ್ಲಿ ಮುಗಿಯುತ್ತದೆ, ಹುಡುಗ ಸಾಯುತ್ತಾನೆ. ಆರ್ಥಿಕ ಪವಾಡದ ವರ್ಷಗಳ ಬಗ್ಗೆ ನಾನು ಓದಿದ ಹಲವು ಪ್ರಬಂಧಗಳಿಗಿಂತ ಹೆಚ್ಚನ್ನು ಆ ಸಿನಿಮಾದ ಮೊದಲ ಹತ್ತು ನಿಮಿಷ ಹೇಳಿತು: ಎಲ್ಲರೂ ಹೊರಟಾಗ ಉಳಿಯುವುದು ಒಂದು ಬಗೆಯ ಅವಮಾನ. ಹಕ್ಕಾಗಿ ಬಂದ ರಜೆ ಹದಿನೈದೇ ವರ್ಷದಲ್ಲಿ ಅಂತಸ್ತಿನ ಗುರುತಾಗಿತ್ತು.

ಉಳಿಯುವವರ ಕಥೆಯನ್ನು ಹೇಳಿದ್ದು ಜಾನ್ನಿ ದಿ ಗ್ರೆಗೋರಿಯೊ 2008ರಲ್ಲಿ ಮಾಡಿದ ‘ಪ್ರಾನ್ಜೊ ದಿ ಫೆರ್ರಗೋಸ್ತೊ’, ಅಂದರೆ ಫೆರ್ರಗೋಸ್ತೊ ಊಟ. ಸಾಲದಲ್ಲಿರುವ ನಡುವಯಸ್ಸಿನ ಮಗ ಮುದಿ ತಾಯಿಯೊಂದಿಗೆ ರೋಮಿನ ಹಳೆಯ ಬಡಾವಣೆಯಲ್ಲಿದ್ದಾನೆ. ಕಟ್ಟಡದ ಬಾಕಿ ಮನ್ನಾ ಮಾಡುತ್ತೇನೆಂದು ವ್ಯವಸ್ಥಾಪಕ ತನ್ನ ತಾಯಿಯನ್ನು ಇವನ ಮನೆಯಲ್ಲಿ ಬಿಟ್ಟು ರಜೆಗೆ ಹೋಗುತ್ತಾನೆ. ಡಾಕ್ಟರೂ ತನ್ನ ತಾಯಿಯನ್ನು ತಂದು ಬಿಡುತ್ತಾನೆ. ನಗು ತರಿಸುವ ಸಿನಿಮಾ. ಆದರೆ ಅದಕ್ಕೆ ಐದು ವರ್ಷ ಮೊದಲು, 2003ರ ಬೇಸಿಗೆಯಲ್ಲಿ, ಯುರೋಪಿನ ನಗರಗಳಲ್ಲಿ ಬಿಸಿಗಾಳಿಗೆ ಸಾವಿರಾರು ವೃದ್ಧರು ಸತ್ತಿದ್ದರು. ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ. ಮಕ್ಕಳು, ನೆರೆಯವರು, ವೈದ್ಯರು ರಜೆಯಲ್ಲಿದ್ದ ಆಗಸ್ಟ್ ಅದು.

ವ್ಯಾಪಾರ ಕುಂಟುತ್ತದೆ ಎಂಬ ದೂರು ಇಟಲಿಯಲ್ಲೂ ಹಳೆಯದೇ. 1977ರಲ್ಲಿ ಉತ್ಪಾದನೆ ಹೆಚ್ಚಬೇಕೆಂದು ಕಾನೂನು ಮಾಡಿ ಹಲವು ಧಾರ್ಮಿಕ ರಜೆಗಳನ್ನು ಕತ್ತರಿಸಿದರು. ಆಗಸ್ಟ್ 15ನ್ನು ಮುಟ್ಟಲಿಲ್ಲ. 2011ರ ಸಾಲದ ಬಿಕ್ಕಟ್ಟಿನಲ್ಲಿ ಸಚಿವ ಸಂಪುಟ ಆಗಸ್ಟ್ 12ರ ಸಂಜೆ ಕೂತು, ಫೆರ್ರಗೋಸ್ತೊ ಕಾಯದೆ, ಕಡಿತದ ಆದೇಶ ಹೊರಡಿಸಬೇಕಾಯಿತು. ಸಾಲಪತ್ರದ ಮಾರುಕಟ್ಟೆಗೆ ಆಗಸ್ಟ್ ರಜೆಯಿಲ್ಲ. ಆ ಚಳಿಗಾಲ ಬಂದ ಇನ್ನೊಂದು ಆದೇಶ ಅಂಗಡಿಗಳು ಭಾನುವಾರ, ಹಬ್ಬ ಎನ್ನದೆ ಯಾವಾಗ ಬೇಕಾದರೂ ತೆರೆಯಬಹುದೆಂದಿತು. ಈಗ ಆಗಸ್ಟಿನ ರೋಮ್ ಒಂದರ್ಥದಲ್ಲಿ ಖಾಲಿಯೇ ಅಲ್ಲ. ತ್ರೇವಿ ಕಾರಂಜಿಯ ಮುಂದೆ ಪ್ರವಾಸಿಗರಿಂದ ಕಾಲಿಡಲು ಜಾಗವಿಲ್ಲ. ಖಾಲಿಯಾಗುವುದು ರೋಮಿನವರು ಬದುಕುವ ಬಡಾವಣೆಗಳು. ಅಲ್ಲಿ ಆಗಸ್ಟ್ 15ರ ಮಧ್ಯಾಹ್ನ ಹಾಲು, ಬ್ರೆಡ್ಡು ಬೇಕಾದರೆ ಬಾಂಗ್ಲಾದೇಶದವರ ಪುಟ್ಟ ಕಿರಾಣಿ ಅಂಗಡಿಯನ್ನು ಹುಡುಕಬೇಕು. ಮುದುಕಿಯ ಗಾಲಿಕುರ್ಚಿ ತಳ್ಳುವವಳು ಉಕ್ರೇನಿನವಳೋ ಪೆರುವಿನವಳೋ ಫಿಲಿಪೀನ್ಸಿನವಳೋ ಆಗಿರುತ್ತಾಳೆ.

ಇಲ್ಲಿ ಮತ್ತೆ ಆ ಎದುರುಬದುರು ಪ್ರಯಾಣಗಳು. ರೋಮಿನವರು ಸಮುದ್ರಕ್ಕೆ ಹೋಗುವ ದಾರಿಯಲ್ಲಿ, ನಗರದ ದಕ್ಷಿಣಕ್ಕೆ, ಬಸಿದ ಜೌಗಿನ ಲತೀನಾ ಜಿಲ್ಲೆಯಿದೆ. ಅದರ ಹೊಲಗಳಲ್ಲಿ, ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಗಳಲ್ಲಿ ತರಕಾರಿ, ಕಲ್ಲಂಗಡಿ ಕೀಳುವವರು ಹೆಚ್ಚಾಗಿ ಪಂಜಾಬಿನ ಸಿಖ್ಖರು. ಅವರ ಗುರುದ್ವಾರಗಳು ಅಲ್ಲಿವೆ. 2016ರ ಏಪ್ರಿಲ್‌ನಲ್ಲಿ ಅವರು ಲತೀನಾದ ಚೌಕದಲ್ಲಿ ಸೇರಿ ಮುಷ್ಕರ ಹೂಡಿದರು. ಅದೇ ವರ್ಷ ಕೂಲಿ ದಲ್ಲಾಳಿಗಳ ಶೋಷಣೆಯ ವಿರುದ್ಧ 199ನೇ ಸಂಖ್ಯೆಯ ಕಾನೂನು ಬಂತು. ಆಮೇಲೂ 2024ರ ಜೂನಿನಲ್ಲಿ, ಕಾಗದಪತ್ರವಿಲ್ಲದ ಭಾರತೀಯ ಕೂಲಿಯೊಬ್ಬನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಂಬುಲೆನ್ಸ್ ಕರೆಯುವ ಬದಲು ಅವನನ್ನು ಮನೆಯ ಮುಂದೆ ಇಳಿಸಿ ಹೋದರು. ತೋಳನ್ನು ಹಣ್ಣಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಎರಡು ದಿನದ ಮೇಲೆ ಅವನು ರೋಮಿನ ಆಸ್ಪತ್ರೆಯಲ್ಲಿ ತೀರಿಕೊಂಡ. 19ನೇ ಶತಮಾನದ ಅಬ್ರುತ್ಸೊ ಕೂಲಿಗಳ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ದಿನಗಳಲ್ಲೇ ಈ ಸುದ್ದಿ ಓದಿದೆ. ಎರಡನ್ನೂ ಬೇರೆ ಬೇರೆ ಕಡತದಲ್ಲಿಡಲು ನನ್ನಿಂದ ಆಗಲಿಲ್ಲ.

ಆಗಸ್ಟ್ 15 ನಮಗೂ ರಜೆ. ಜಪಾನ್ ಶರಣಾದ ದಿನದ ಎರಡನೇ ವಾರ್ಷಿಕೋತ್ಸವವೆಂದು ಮೌಂಟ್‌ಬ್ಯಾಟನ್ ಆರಿಸಿದ ದಿನಾಂಕ ಅದು. ಫೆರ್ರಗೋಸ್ತೊ ಅವನ ತಲೆಯಲ್ಲಿರಲಿಲ್ಲ. ಮಂಗಳೂರಿನ ಇಗರ್ಜಿಗಳಲ್ಲಿ ಮಾತ್ರ ಎರಡು ಹಬ್ಬಗಳು ಪ್ರತಿ ವರ್ಷ ಮುಖಾಮುಖಿಯಾಗುತ್ತವೆ. ಒಳಗೆ ಮರಿಯಮ್ಮನ ಸ್ವರ್ಗಾರೋಹಣದ ಪೂಜೆ, ಹೊರಗೆ ತ್ರಿವರ್ಣ ಧ್ವಜ. ಬೆಂಗಳೂರಿಗೆ ಅದು ಊರಿಗೆ ಹೋಗುವ ರಜೆ. ಶುಕ್ರವಾರವೋ ಸೋಮವಾರವೋ ಬಿದ್ದರೆ ಮೆಜೆಸ್ಟಿಕ್‌ನಲ್ಲಿ ಹಿಂದಿನ ಸಂಜೆ ಬಸ್ಸಿನ ಕಿಟಕಿಯಿಂದ ಬ್ಯಾಗು ಎಸೆದು ಸೀಟು ಹಿಡಿಯುವ ಪಾಡು. ಮರುದಿನ ಸಿಲ್ಕ್ ಬೋರ್ಡ್‌ನಲ್ಲಿ ಕಾಯದೆ ದಾಟಿದವರು ಅದನ್ನು ವಾರವಿಡೀ ಹೇಳಿಕೊಳ್ಳುತ್ತಾರೆ. ಹೊರಟವರ ಫ್ಲ್ಯಾಟಿನ ಬಾಗಿಲಲ್ಲಿ ಕೂತಿರುವ ಕಾವಲುಗಾರ, ಉಳಿದವರ ಮನೆಗೆ ಬಿರಿಯಾನಿ ಹೊತ್ತು ತರುವ ಹುಡುಗ ಕಾರ್ಖಾನೆ ಕಾಯ್ದೆಯ ಲೆಕ್ಕದೊಳಗೆ ಬಂದವರಲ್ಲ. ಅವರು 240 ದಿನವಲ್ಲ, 360 ದಿನ ದುಡಿದರೂ ಆ ಭಾಗಾಕಾರ ಶುರುವಾಗುತ್ತಿರಲಿಲ್ಲ.

ರಾಜಧಾನಿಯೊಂದು ಖಾಲಿಯಾದರೆ ವ್ಯಾಪಾರಕ್ಕೆ ಎಷ್ಟು ನಷ್ಟ ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಕೊಡಬಲ್ಲರು. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಕಾಣುವುದು ಇಷ್ಟು: ಜ್ವರಕ್ಕೆ ಹೆದರಿ ಬಲ್ಲಿದರು ಓಡುತ್ತಿದ್ದ ತಿಂಗಳನ್ನು ದುಡಿಯುವವರ ಬಿಡುವಿನ ತಿಂಗಳಾಗಿ ಬದಲಿಸಲು ಆ ದೇಶಕ್ಕೆ ಎರಡು ಸಾವಿರ ವರ್ಷ ಹಿಡಿಯಿತು. ಬಿಟ್ಟುಕೊಡಲಾಗದ ಹಕ್ಕು ಎಂದು ಸಂವಿಧಾನದಲ್ಲಿ ಬರೆಸಿಕೊಳ್ಳಬೇಕಾಯಿತು. ಆ ವಿಧಿಯಲ್ಲಿ ಇಟಲಿಯ ಪ್ರಜೆಗೆ ಎಂದಿಲ್ಲ, ದುಡಿಯುವವರಿಗೆ ಎಂದಿದೆ. ಲತೀನಾದ ಕಲ್ಲಂಗಡಿ ಹೊಲದಲ್ಲಿ ಬಗ್ಗಿರುವವರೂ ಆ ಪದದೊಳಗೆ ಇದ್ದಾರೆ.